ಹುಳು ತರುವ ಮೊದಲು ಪರೀಕ್ಷೆಯ ದಿನ ನೋಡಿ

ಗೆಳೆಯ ಗೆಳತಿಯರೇ, ಈ ಸಲ ಗೋಡೆ ಪತ್ರಿಕೆಗೆ ಕಥೆ, ಒಗಟು ಸಾಕು, ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಅದಕ್ಕೆ ನಮ್ಮ ಮನೆ ವಿಷಯವನ್ನೇ ಬರೆಯುತ್ತಿದ್ದೇನೆ. ನಮ್ಮ ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳೇ ಜಾಸ್ತಿ, ಆದ್ದರಿಂದ ಇದು ನಿಮ್ಮ ಮನೆ ವಿಷಯವೂ ಇರಬಹುದು.

ಹುಳು ಇದ್ದಾಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲ ಊಟ ಹುಳುವಿಗೆ. ಆಮೇಲೆ ಹಸುವಿಗೆ. ಆಮೇಲೆ ನಮಗೆ. ಅಮ್ಮ ಐದು ಗಂಟೆಗೆ ಎದ್ದು ಹುಳು ಮನೆಗೆ ಹೋಗ್ತಾಳೆ, ಒಲೆ ಹತ್ತಿಸೋದು ಅದಾದ ಮೇಲೆ. ಚಿಕ್ಕ ಹುಳುವಿಗೆ ಸೊಪ್ಪು ಸ್ವಲ್ಪ ಸಾಕು. ನಾಲ್ಕು ಜ್ವರ ಮುಗಿದು ಐದನೇ ಹಂತಕ್ಕೆ ಬಂದವು ಎಂದರೆ ಆಯಿತು, ಹುಳು ಹುಟ್ಟಿದಾಗಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಭಾಗ ಆ ಏಳೆಂಟು ದಿನದಲ್ಲೇ ತಿನ್ನುತ್ತವೆ. ರಾತ್ರಿ ಮಲಗಿದರೆ ಮಳೆ ಬಂದ ಹಾಗೆ ಸದ್ದು. ತೋಟದಿಂದ ಕಡ್ಡಿ ಕುಯ್ದು ತರಬೇಕು, ಹಾಕಬೇಕು, ಕಸ ತೆಗೀಬೇಕು, ಸುಣ್ಣ ಉದುರಿಸಬೇಕು, ಊಜಿ ನೊಣ ಬರದಂತೆ ಪರದೆ ನೋಡಬೇಕು. ಕೊನೆಗೆ ಹುಳು ಹಣ್ಣಾದ ದಿನ ಒಂದೊಂದನ್ನೇ ಆರಿಸಿ ಚಂದ್ರಂಕಿಗೆ ಬಿಡಬೇಕು. ನಾಳೆ ಆರಿಸೋಣ ಎಂದರೆ ಅವು ಕೇಳೋಲ್ಲ, ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗುತ್ತವೆ. ಅವತ್ತು ಮುಯ್ಯಾಳು ಬಂದರೂ ಕೈ ಸಾಲದು.

ಹೋದ ವರ್ಷ ಮಾರ್ಚ್‌ನಲ್ಲಿ ನಮ್ಮ ಅಕ್ಕ ಎಸ್ಸೆಸ್ಸೆಲ್ಸಿ. ಗಣಿತ ಪರೀಕ್ಷೆಯ ಹಿಂದಿನ ದಿನವೇ ಹುಳು ಹಣ್ಣಾದವು. ಅಕ್ಕ ರಾತ್ರಿ 11ರ ತನಕ ಹುಳು ಆರಿಸಿದಳು. ಪುಸ್ತಕ ಕಿಟಕಿಯಲ್ಲಿ ಇಟ್ಟುಕೊಂಡಿದ್ದಳು, ಆದರೆ ತೆಗೆಯಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ 80ಕ್ಕೆ 61 ಬಂದಿತ್ತು. ದೊಡ್ಡ ಪರೀಕ್ಷೆಯಲ್ಲಿ 34. ಸೈನ್ಸ್ ತಗೋತೀನಿ ಅಂತಿದ್ದವಳು ಈಗ ಆರ್ಟ್ಸ್ ಓದುತ್ತಿದ್ದಾಳೆ. ಆರ್ಟ್ಸ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಅವಳು ಕೇಳಿದ್ದು ಅದಲ್ಲ, ಅಷ್ಟೇ.

ಅಣ್ಣ ಎಸ್ಸೆಸ್ಸೆಲ್ಸಿ ಬರೆದಾಗಲೂ ಮನೆಯಲ್ಲಿ ಹುಳು ಇತ್ತು. ಆಗ ಅಮ್ಮ "ಅವನು ಓದ್ಕೊಳ್ಳಲಿ ಬಿಡಿ" ಅಂದಳು. ಅಕ್ಕನಿಗೆ ಯಾರೂ ಹಾಗೆ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅದು ಈಗ ಬೇಜಾರು.

ಆಮೇಲೆ ನಾನು ಕ್ಯಾಲೆಂಡರ್ ಎಣಿಸಿದೆ. ನಾವು ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತೇವೆ. ತಂದ ದಿನಕ್ಕೆ ಅಪ್ಪ ಪೆನ್ನಿನಲ್ಲಿ ಗುರುತು ಹಾಕಿದ್ದರು. ಅಲ್ಲಿಂದ 17ನೇ ದಿನ ಹಣ್ಣಾಗಿವೆ. ಪ್ರತಿ ಸಲವೂ ಒಂದು ದಿನ ಹೆಚ್ಚು ಕಮ್ಮಿ ಅಷ್ಟೇ. ಚಿಕ್ಕಬಳ್ಳಾಪುರದ ಕಡೆ ಹೂವು ಬಿಡಿಸುವವರಿಗೆ, ಚಿಂತಾಮಣಿ ಕಡೆ ಟೊಮೆಟೊ ಕೀಳುವವರಿಗೆ ಇಂಥದೇ ದಿನ ಅಂತ ಹೇಳೋಕಾಗಲ್ಲ. ಹುಳು ಹಾಗಲ್ಲ, ದಿನ ಹೇಳಿಯೇ ಬರುತ್ತೆ. ಹತ್ತು ದಿನ ಮುಂಚೆ ತಂದಿದ್ದರೆ ಪರೀಕ್ಷೆ ಶುರುವಾಗುವುದರೊಳಗೆ ಗೂಡು ಬಿಡಿಸಿ ಮಾರುಕಟ್ಟೆಗೂ ಹೋಗಿರುತ್ತಿತ್ತು.

ಇದನ್ನು ಅಪ್ಪನಿಗೆ ತೋರಿಸಿದೆ. "ಸೊಪ್ಪು ಬಲಿತರೆ ಏನು ಮಾಡೋದು? ಸಾಲದ ಬಡ್ಡಿ ನಿಲ್ಲುತ್ತಾ?" ಅಂದರು. ಅದೂ ನಿಜ. ನನ್ನ ಬ್ಯಾಗು, ಅಕ್ಕನ ಪರೀಕ್ಷೆ ಫೀಸು ಎಲ್ಲಾ ಗೂಡಿನ ದುಡ್ಡೇ. ಆದರೆ ತೋಟ ಕತ್ತರಿಸಿ ಎರಡು ತಿಂಗಳ ಹೊತ್ತಿಗೆ ಸೊಪ್ಪು ಬರುತ್ತದೆ. ಕತ್ತರಿಸುವ ದಿನ ನಮ್ಮ ಕೈಯಲ್ಲೇ ಇದೆಯಲ್ಲ? ದೊಡ್ಡ ಪರೀಕ್ಷೆ ಮಾರ್ಚ್ ಕೊನೆ ಕಡೆ ಅಂತ ದನ ಕಾಯೋರಿಗೂ ಗೊತ್ತು. ಅದೂ ಆಗದಿದ್ದರೆ ಆ ಒಂದು ಬೆಳೆಗೆ 100 ಮೊಟ್ಟೆ ಬದಲು 50 ಮೊಟ್ಟೆಯ ಹುಳು ತರಲಿ. ಅದೂ ಆಗದಿದ್ದರೆ ಅಣ್ಣ ಇದ್ದಾನೆ, ಅವನ ಕೈಗೇನಾಗಿದೆ?

ಪಕ್ಕದ ಮನೆ ದೊಡ್ಡಪ್ಪ "ಪರೀಕ್ಷೆ ಒಂದೇ ಸಲ ಅಲ್ಲವಲ್ಲ, ಇನ್ನೊಂದು ಸಲ ಬರೆದರಾಯ್ತು" ಅನ್ನುತ್ತಾರೆ. ಇನ್ನೊಂದು ಸಲ ಬರೆಯುವಾಗ ಇನ್ನೊಂದು ಬೆಳೆ ಬಂದಿರುತ್ತೆ ದೊಡ್ಡಪ್ಪ.

ಗುರುಗಳಲ್ಲಿ ಒಂದು ವಿನಂತಿ. ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ಅದನ್ನು ಹಾಲಿನ ಡೇರಿ ಗೋಡೆಗೂ ಅಂಟಿಸಿ. ಹೆಂಗಸರು, ಗಂಡಸರು ಎಲ್ಲರೂ ದಿನಕ್ಕೆ ಎರಡು ಸಲ ಅಲ್ಲಿಗೆ ಬರುತ್ತಾರೆ. ಐದನೇ ಹಂತದ ಹುಳು ಇರುವ ಮನೆಯ ಮಕ್ಕಳು ತಡವಾಗಿ ಬಂದರೆ ಹೊರಗೆ ನಿಲ್ಲಿಸಬೇಡಿ, ಯಾಕೆ ತಡ ಅಂತ ಕೇಳಿ ಒಳಗೆ ಕರೆಯಿರಿ.

ಇದನ್ನು ಬರೆಯಲಾ ಅಂತ ಅಪ್ಪನನ್ನು ಕೇಳಿದ್ದೆ. "ಬರಿ, ನಮ್ಮ ಹೆಸರು ಹಾಕಬೇಡ" ಅಂದರು. ಅದಕ್ಕೇ ಕೆಳಗೆ ಹೆಸರಿಲ್ಲ.

ನಮ್ಮ ಹುಳು ನಿನ್ನೆ ನಾಲ್ಕನೇ ಜ್ವರಕ್ಕೆ ಕೂತವು. ಜ್ವರದಲ್ಲಿ ಸೊಪ್ಪು ಹಾಕುವಂತಿಲ್ಲ, ಹಾಗಾಗಿ ಇಷ್ಟು ಬರೆಯಲು ಟೈಮ್ ಸಿಕ್ಕಿತು. ನಾಳೆ ಬೆಳಿಗ್ಗೆ ಏಳುತ್ತವೆ.