ವ್ಯಾಯಾಮಕ್ಕೆ ಪ್ರೇರಣೆ

ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ಆಟದ ಬಯಲಿಗಿಳಿಯುತ್ತಿದ್ದ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ ವ್ಯಾಯಾಮಕ್ಕೆ ತಾನೇ ಮನಸ್ಸು ಮಾಡಬೇಕಾಗುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ದೈಹಿಕ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಇದನ್ನು ಬಲ್ಲವರೆಲ್ಲರೂ ಆಚರಿಸುವುದಿಲ್ಲ.

ಮೈಕಟ್ಟಿನ ಮೋಹವಾಗಲಿ ರೋಗದ ಭಯವಾಗಲಿ ಆರಂಭಕ್ಕೆ ಸಾಕಾದೀತು. ಫಲವು ತಡವಾದರೆ ಆ ಉತ್ಸಾಹವು ಬಾಡುತ್ತದೆ. ಸ್ವಂತ ಆಯ್ಕೆ, ಕೌಶಲದ ವೃದ್ಧಿ, ಒಡನಾಡಿಗಳ ಸ್ನೇಹ ಈ ಮೂರೂ ಕೂಡಿದಾಗ ಪ್ರೇರಣೆಯು ಒಳಗಿನಿಂದಲೇ ಬಲಗೊಳ್ಳುತ್ತದೆಂಬುದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತ. ಮೈಸೂರಿನ ಗರಡಿಮನೆಗಳಲ್ಲಿ ಹಿರಿಯರಿಂದ ಪಟ್ಟು ಕಲಿತು ಗೆಳೆಯರೊಡನೆ ಸಾಮು ಮಾಡಿದವರಿಗೆ ಈ ಮಾತು ಹೊಸತಲ್ಲ.

ಅಂಕಕ್ಕಾಗಿ ಓಡಿದವನು ಪರೀಕ್ಷೆ ಮುಗಿದೊಡನೆ ನಿಲ್ಲುತ್ತಾನೆ. ಆದುದರಿಂದ ವಿಶ್ವವಿದ್ಯಾನಿಲಯಗಳು ಬಲವಂತವನ್ನು ನೆಚ್ಚದೆ ಆಟದ ಬಯಲನ್ನೂ ಬಿಡುವನ್ನೂ ಒದಗಿಸುವುದು ಲೇಸು.