ಎತ್ತುವ ಮುನ್ನ ಕತ್ತನ್ನು ನೆನೆಯಿರಿ

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿಯೂ ಒಂದು. ಕಮಂಡಲುವಾಗಲಿ, ಶಾಸ್ತ್ರಗ್ರಂಥವಾಗಲಿ, ಎತ್ತುವಾಗಲೂ ಇಡುವಾಗಲೂ ಕಣ್ಣಿಟ್ಟು ನೋಡಿ, ಪಿಂಛಿಯಿಂದ ಮೆಲ್ಲನೆ ಸವರಿ, ಯಾವ ಜೀವಕ್ಕೂ ನೋವಾಗದಂತೆ ನಡೆದುಕೊಳ್ಳುವುದೇ ಆ ಸಮಿತಿ. ಗೃಹಸ್ಥರಾದ ನಮಗೆ ಮುನಿಗಳಷ್ಟು ಕಟ್ಟುನಿಟ್ಟು ಇಲ್ಲದಿದ್ದರೂ ಯತ್ನಾಚಾರವೆಂಬ ಮಾತು ಹೊಸದೇನೂ ಅಲ್ಲ. ಒಂದು ಪುಸ್ತಕವನ್ನು ಎತ್ತುವುದಕ್ಕೇ ಇಷ್ಟು ಎಚ್ಚರ ಕಲಿಸಿದ ಧರ್ಮದವರು ನಾವು. ರಸ್ತೆಯಲ್ಲಿ ಬಿದ್ದ ಮನುಷ್ಯನನ್ನು ಎತ್ತುವಾಗ ಎಷ್ಟು ಎಚ್ಚರ ವಹಿಸುತ್ತೇವೆ?

ಅಪಘಾತವಾದ ಕೂಡಲೇ ಜನ ಓಡಿಬರುತ್ತಾರೆ. ಒಬ್ಬರು ಕಂಕುಳಿಗೆ ಕೈ ಹಾಕುತ್ತಾರೆ, ಇನ್ನೊಬ್ಬರು ಕಾಲು ಹಿಡಿಯುತ್ತಾರೆ. ನಡುವೆ ತಲೆ ಜೋತುಬೀಳುತ್ತದೆ. ಕೂರಿಸಿ ನೀರು ಕುಡಿಸಿ, ಸಿಕ್ಕಿದ ರಿಕ್ಷಾದಲ್ಲಿ ಮುದುಡಿ ಮಲಗಿಸಿ ಕಳುಹಿಸುತ್ತಾರೆ. ಇದರಲ್ಲಿ ದಯೆಗೆ ಕೊರತೆಯಿಲ್ಲ, ಯತ್ನದ ಕೊರತೆಯಿದೆ. ಕತ್ತಿನ ಮೂಳೆ ಮುರಿದವನಿಗೆ ಈ ಆತುರದ ದಯೆಯೇ ಜೀವಮಾನದ ಊನವಾಗಬಹುದು. ಆದುದರಿಂದ ಈ ಸಲದ ಅಂಕಣವನ್ನು ಕತ್ತಿಗಾಗಿ ಮೀಸಲಿಟ್ಟಿದ್ದೇವೆ.

ಕತ್ತಿನೊಳಗೆ ಏನಿದೆ?

ಕತ್ತಿನಲ್ಲಿ ಏಳು ಮಣಿಮೂಳೆಗಳಿವೆ. ಅವುಗಳ ನಡುವಿನ ಕೊಳವೆಯಲ್ಲಿ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇಳಿಯುತ್ತದೆ. ಕೈಕಾಲು ಆಡಿಸುವ ಅಪ್ಪಣೆ, ಸ್ಪರ್ಶದ ಅರಿವು, ಮಲಮೂತ್ರಗಳ ಹತೋಟಿ ಎಲ್ಲವೂ ಈ ಹುರಿಯ ಮೂಲಕವೇ ಸಾಗಬೇಕು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರವು ಕತ್ತಿನ ಮೂರು, ನಾಲ್ಕು ಮತ್ತು ಐದನೆಯ ಮಟ್ಟದಲ್ಲಿ ಹುಟ್ಟುತ್ತದೆ. ಅದಕ್ಕಿಂತ ಮೇಲೆ ಹುರಿ ಪೂರ್ತಿ ಜಜ್ಜಿದರೆ ಉಸಿರೇ ನಿಲ್ಲುತ್ತದೆ. ಕೆಳಗೆ ಜಜ್ಜಿದರೆ ಉಸಿರು ಉಳಿದರೂ ಕೈಕಾಲು ಸೋಲುತ್ತವೆ.

ಮೂಳೆ ಮುರಿದ ಕ್ಷಣದಲ್ಲೇ ಹುರಿಯೂ ಹಾಳಾಗುತ್ತದೆಂಬ ನಿಯಮವಿಲ್ಲ. ಮೂಳೆ ಸಡಿಲಗೊಂಡಿದ್ದು ಹುರಿ ಇನ್ನೂ ಸುರಕ್ಷಿತವಾಗಿರುವ ಗಾಯಾಳುಗಳು ಎಷ್ಟೋ ಮಂದಿ. ಅಂಥವರ ಕತ್ತು ಬಾಗಿದರೆ, ತಿರುಚಿದರೆ, ಸಡಿಲ ಮೂಳೆ ಹುರಿಯನ್ನು ಒತ್ತೀತು. ಹುರಿಗೆ ಆಗಲೇ ಪೆಟ್ಟಾಗಿದ್ದರೂ, ಮುಂದೆ ಉಸಿರು ಕಡಿಮೆಯಾಗುವುದು, ರಕ್ತದೊತ್ತಡ ಇಳಿಯುವುದು, ಬಾವು ಬರುವುದು ಇವುಗಳಿಂದ ಎರಡನೆಯ ಪೆಟ್ಟು ಬೀಳುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಬಹುಮಟ್ಟಿಗೆ ತಡೆಯಬಹುದು.

ಯಾರಲ್ಲಿ ಸಂಶಯಪಡಬೇಕು?

ವಾಹನ ಡಿಕ್ಕಿ, ಪಲ್ಟಿ, ದ್ವಿಚಕ್ರದಿಂದ ಎಸೆಯಲ್ಪಟ್ಟವರು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ನಮ್ಮ ವ್ಯಾಪಾರದ ಮನೆಗಳಲ್ಲಿ ಬೇರೆ ಸಂದರ್ಭಗಳೂ ಇವೆ. ಬಟ್ಟೆ ಅಂಗಡಿಯ ಮೇಲಿನ ಖಾನೆಗೆ ಏಣಿ ಹತ್ತಿದ ಹುಡುಗ ಜಾರುತ್ತಾನೆ. ಅಡತಿ ಅಂಗಡಿಯ ಮುಂದೆ ಲಾರಿಯ ಮೇಲಿಂದ ಹಮಾಲ ಬೀಳುತ್ತಾನೆ, ಅಥವಾ ಅವನ ತಲೆಯ ಮೇಲೆ ಚೀಲ ಉರುಳುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಆಳ ತಿಳಿಯದ ಬಾವಿಗೆ ತಲೆ ಮುಂದಾಗಿ ಧುಮುಕುತ್ತಾರೆ. ಮೂರಡಿ ಎತ್ತರದಿಂದ ಅಥವಾ ಐದು ಮೆಟ್ಟಿಲಿನಿಂದ ಬಿದ್ದರೂ ವೈದ್ಯರು ಅದನ್ನು ಅಪಾಯದ ಬೀಳು ಎಂದೇ ಎಣಿಸುತ್ತಾರೆ.

ಹಿರಿಯರ ವಿಷಯ ಇನ್ನೂ ಸೂಕ್ಷ್ಮ. ವಯಸ್ಸಾದವರಿಗೆ ನಿಂತಲ್ಲೇ ಬಿದ್ದರೂ ಕತ್ತಿನ ಎರಡನೆಯ ಮಣಿ ಮುರಿಯಬಹುದು. ಬಚ್ಚಲಿನಲ್ಲಿ, ಅಭಿಷೇಕದ ನೀರು ಹರಿದ ಬಸದಿಯ ಕಲ್ಲಿನ ಮೇಲೆ, ದಶಲಕ್ಷಣ ಪರ್ವದ ಉಪವಾಸದಲ್ಲಿ ತಲೆಸುತ್ತಿ ಬಿದ್ದಾಗ, "ಏನೂ ಆಗಿಲ್ಲ, ಎಬ್ಬಿಸಿರಿ" ಎಂದು ಅಜ್ಜನವರೇ ಹೇಳಬಹುದು. ಮುಖ ಅಡಿಯಾಗಿ ಬಿದ್ದ ಹಿರಿಯರು ಎದ್ದು ನಡೆದರೂ, ಕೈಯಲ್ಲಿ ಲೋಟ ಹಿಡಿಯಲಾಗದೆ ಜಾರಿಬಿಡುತ್ತಿದ್ದರೆ, ಬೆರಳುಗಳು ಉರಿಯುತ್ತಿದ್ದರೆ, ಅದು ಹುರಿಯ ನಡುಭಾಗಕ್ಕೆ ಆದ ಪೆಟ್ಟಿನ ಲಕ್ಷಣ. ನಡೆಯುತ್ತಾರಲ್ಲ ಎಂದು ಮನೆಯಲ್ಲಿಯೇ ಉಳಿಸಿಕೊಳ್ಳಕೂಡದು.

ಕತ್ತಿನ ಹಿಂಭಾಗದ ನಟ್ಟನಡುವೆ ನೋವು, ಕೈಕಾಲಲ್ಲಿ ಜೋಮು ಅಥವಾ ನಿಶ್ಶಕ್ತಿ, ಉಸಿರಾಟಕ್ಕೆ ಬರೀ ಹೊಟ್ಟೆ ಮಾತ್ರ ಏರಿಳಿಯುವುದು, ಅರಿವಿಲ್ಲದೆ ಮೂತ್ರವಾಗುವುದು ಮುಖ್ಯ ಸೂಚನೆಗಳು. ಪ್ರಜ್ಞೆ ತಪ್ಪಿದವರು ನೋವು ಹೇಳಲಾರರು; ಆದ್ದರಿಂದ ಪೆಟ್ಟಾಗಿ ಪ್ರಜ್ಞೆ ತಪ್ಪಿದ ಪ್ರತಿಯೊಬ್ಬರ ಕತ್ತಿಗೂ ಪೆಟ್ಟಾಗಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು.

ಬಿದ್ದ ಸ್ಥಳದಲ್ಲಿ ಮಾಡಬೇಕಾದುದು

ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನಿಲ್ಲಿಸಿರಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ನಮ್ಮ ಓದುಗರಿರುವ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಗೋವಾ ಎಲ್ಲ ರಾಜ್ಯಗಳಲ್ಲೂ ಇದೇ ಸಂಖ್ಯೆ. ಗಡಿಯಲ್ಲಿರುವ ನಾವು ಮೊದಲು ರಾಜ್ಯ ಮತ್ತು ತಾಲೂಕಿನ ಹೆಸರು, ಆಮೇಲೆ ಕಿಲೋಮೀಟರ್ ಕಲ್ಲು ಅಥವಾ ಹತ್ತಿರದ ಹಳ್ಳಿಯನ್ನು ಹೇಳುವುದು ಒಳ್ಳೆಯದು. ಸೋಲಾಪುರ–ವಿಜಯಪುರ ದಾರಿಯಂಥ ಕಡೆ ಕೆಲವೇ ನಿಮಿಷದಲ್ಲಿ ರಾಜ್ಯ ಬದಲಾಗುತ್ತದೆ.

ಒಬ್ಬರು ಗಾಯಾಳುವಿನ ತಲೆಯ ಕಡೆ ಮೊಣಕಾಲೂರಿ ಕುಳಿತು, ಎರಡು ಅಂಗೈಗಳಿಂದ ತಲೆಯನ್ನು ಇದ್ದ ಸ್ಥಿತಿಯಲ್ಲೇ ಸ್ಥಿರವಾಗಿ ಹಿಡಿಯಬೇಕು. ಎಳೆಯಕೂಡದು. ಕತ್ತು ವಾರೆಯಾಗಿದ್ದು ನೆಟ್ಟಗೆ ಮಾಡಲು ಹೋದರೆ ನೋವಾಗುವುದಾದರೆ, ಬಿಗಿಯೆನಿಸಿದರೆ, ಹಾಗೆಯೇ ಬಿಡಬೇಕು. ಮೊದಲೇ ಕತ್ತು ಮುಂದಕ್ಕೆ ಬಾಗಿ ಬಿಗಿದ ಹಿರಿಯರನ್ನು ಚಪ್ಪಟೆಯಾಗಿ ಮಲಗಿಸುವುದೇ ಅಪಾಯ. ಅವರ ತಲೆಯ ಕೆಳಗೆ ಮಡಿಚಿದ ಬಟ್ಟೆಯಿಟ್ಟು ಅವರ ವಾಡಿಕೆಯ ಬಾಗನ್ನು ಉಳಿಸಬೇಕು. ಮಾತನಾಡಿಸುವವರು ಎದುರಿಗೆ ಬಂದು ಮಾತನಾಡಿಸಲಿ. ಪಕ್ಕದಿಂದ ಕೂಗಿದರೆ ಗಾಯಾಳು ಕತ್ತು ತಿರುಗಿಸುತ್ತಾನೆ. ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುವವರೂ ತಲೆಯನ್ನು ಹೊರಳಿಸದೆ ತಾವೇ ಬಾಗಿ ಹೇಳಬೇಕು. ಕೂರಿಸಬೇಡಿರಿ, ನೀರು, ಚಹಾ ಯಾವುದನ್ನೂ ಕುಡಿಸಬೇಡಿರಿ.

ಕತ್ತಿಗಿಂತಲೂ ಉಸಿರು ಮೊದಲು ಎಂಬುದು ಮರೆಯಬಾರದು. ಉಸಿರು ಗೊರಕೆಯಂತೆ ಕಟ್ಟುತ್ತಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ, ಕಿವಿಯ ಕೆಳಗಿನ ದವಡೆಯ ಮೂಲೆಗಳನ್ನು ಎರಡೂ ಕಡೆಯಿಂದ ಮುಂದಕ್ಕೆ ತಳ್ಳಬೇಕು. ಅದರಿಂದಲೂ ಉಸಿರು ಸಾಗದಿದ್ದರೆ ತಲೆಯನ್ನು ಬೇಕಾದಷ್ಟು ಮಾತ್ರ ಹಿಂದಕ್ಕೆ ಬಾಗಿಸಿಯಾದರೂ ದಾರಿ ತೆರೆಯಲೇಬೇಕು. ವಾಂತಿಯಾದರೆ ತಲೆ, ಭುಜ, ಸೊಂಟ ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಬೇಕು. ತಲೆ ಹಿಡಿದವರು ಎಣಿಸಲಿ. ಉಳಿದ ಮೂವರು ಒಂದೇ ಕಡೆ ಕುಳಿತು ಆ ಎಣಿಕೆಗೆ ಹೊರಳಿಸಲಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿಹಿಡಿಯಿರಿ. ಹೆಲ್ಮೆಟ್ ಧರಿಸಿದ್ದು ಉಸಿರು ಸರಿಯಾಗಿದ್ದರೆ ಅದನ್ನು ತೆಗೆಯದೆ ಮುಖದ ಗಾಜನ್ನಷ್ಟೇ ಮೇಲೆತ್ತಿರಿ. ತೆಗೆಯಲೇಬೇಕಾದರೆ ಒಬ್ಬರು ಕೆಳಗಿನಿಂದ ದವಡೆ ಮತ್ತು ತಲೆಯ ಹಿಂಭಾಗವನ್ನು ಆಧರಿಸಿರಬೇಕು, ಇನ್ನೊಬ್ಬರು ನಿಧಾನವಾಗಿ ಎಳೆಯಬೇಕು.

ಬೆಂಕಿ, ನೀರು, ಉರುಳುವ ವಾಹನ ಇಂಥ ಅಪಾಯವಿದ್ದರೆ ಮಾತ್ರ ಕೂಡಲೇ ಸರಿಸಬೇಕು. ಆಗಲೂ ದೇಹದ ಉದ್ದಕ್ಕೆ ನೇರವಾಗಿ ಎಳೆಯಬೇಕು. ಆಂಬ್ಯುಲೆನ್ಸ್ ಬರುವ ದಾರಿಯೇ ಇಲ್ಲದಿದ್ದರೆ, ಕಾರಿನ ಸೀಟಿನಲ್ಲಿ ಮುದುಡುವುದಕ್ಕಿಂತ ಟೆಂಪೋದ ಚಪ್ಪಟೆ ತಳದಲ್ಲಿ ಹಲಗೆಯ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಸುತ್ತಿದ ಚಾದರವಿಟ್ಟು ಒಯ್ಯುವುದು ಲೇಸು.

ಆಸ್ಪತ್ರೆಯಲ್ಲಿ

ಅಲ್ಲಿಯೂ ಮೊದಲ ಗಮನ ಉಸಿರು ಮತ್ತು ರಕ್ತದೊತ್ತಡಕ್ಕೆ. ಒತ್ತಡ ಇಳಿದಿದ್ದು ನಾಡಿಯೂ ನಿಧಾನವಾಗಿದ್ದರೆ ಹುರಿಯ ಪೆಟ್ಟಿನ ಸಂಶಯ ಬಲವಾಗುತ್ತದೆ. ಆದರೂ ಒಳಗೆಲ್ಲಾದರೂ ರಕ್ತ ಹರಿಯುತ್ತಿದೆಯೇ ಎಂದು ಮೊದಲು ನೋಡುತ್ತಾರೆ.

"ಸ್ಕ್ಯಾನ್ ಏಕೆ ಮಾಡಲಿಲ್ಲ?" ಎಂದು ಕೆಲವರು ಜಗಳವಾಡುತ್ತಾರೆ, "ಸುಮ್ಮನೆ ದುಡ್ಡಿಗಾಗಿ ಮಾಡಿಸಿದರು" ಎಂದು ಇನ್ನು ಕೆಲವರು. ಇದಕ್ಕೆ ಪರೀಕ್ಷಿತ ನಿಯಮಗಳಿವೆ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 34,069 ಗಾಯಾಳುಗಳನ್ನು ನೋಡಿತು. ಅವರಲ್ಲಿ 818 ಮಂದಿಗೆ ಕತ್ತಿನ ಮೂಳೆಯ ಪೆಟ್ಟಿತ್ತು. ಕತ್ತಿನ ನಡುವೆ ಒತ್ತಿದರೆ ನೋವಿಲ್ಲ, ನರದೌರ್ಬಲ್ಯವಿಲ್ಲ, ಪೂರ್ಣ ಎಚ್ಚರವಿದೆ, ಮದ್ಯದ ಅಮಲಿಲ್ಲ, ಗಮನ ಸೆಳೆಯುವ ಬೇರೆ ದೊಡ್ಡ ಗಾಯವಿಲ್ಲ ಎಂಬ ಐದೂ ಸರಿಯಿದ್ದರೆ ಸ್ಕ್ಯಾನ್ ಬೇಡವೆಂಬ ನಿಯಮವು ಆ 818ರಲ್ಲಿ 8 ಮಂದಿಯನ್ನು ಮಾತ್ರ ತಪ್ಪಿಸಿತು. 2001ರಲ್ಲಿ ಬಂದ ಕೆನಡಾದ ನಿಯಮವು 65 ವರ್ಷ ದಾಟಿದವರಿಗೆ, ಅಪಾಯದ ಬೀಳಿಗೆ, ಕೈಕಾಲಿನ ಜೋಮಿಗೆ ಚಿತ್ರ ತೆಗೆಯಲೇಬೇಕೆನ್ನುತ್ತದೆ. ಈ ಪರೀಕ್ಷೆ ವೈದ್ಯರದು. ಮನೆಯಲ್ಲಿ ಕತ್ತು ತಿರುಗಿಸಿ ನೋಡುವಂಥದಲ್ಲ.

ವಯಸ್ಕರಿಗೆ ಈಗ ಸಾದಾ ಎಕ್ಸ್-ರೇಗಿಂತ ಸಿ.ಟಿ. ಸ್ಕ್ಯಾನ್ ಹೆಚ್ಚು ನಂಬಿಕೆಯದು; ಎಕ್ಸ್-ರೇ ಎಷ್ಟೋ ಬಿರುಕುಗಳನ್ನು ತೋರಿಸುವುದಿಲ್ಲ. ಹುರಿ ಮತ್ತು ಕಟ್ಟುನಾರುಗಳನ್ನು ನೋಡಲು ಎಂ.ಆರ್.ಐ. ಬೇಕು. ಮಕ್ಕಳಲ್ಲಿ ಮೂಳೆ ಸರಿಯಾಗಿ ಕಂಡರೂ ಹುರಿಗೆ ಪೆಟ್ಟಾಗಿರಬಹುದು. ಆದ್ದರಿಂದ ಮಗು ಕೈ ಜೋಮೆಂದರೆ ಆ ಮಾತನ್ನು ನಂಬಿರಿ.

ಕೆಲವು ಮುರಿತಗಳಿಗೆ ಕಾಲರ್ ಸಾಕು, ಕೆಲವಕ್ಕೆ ತೂಕ ಕಟ್ಟಿ ಎಳೆತ, ಕೆಲವಕ್ಕೆ ಶಸ್ತ್ರಚಿಕಿತ್ಸೆ. ಹುರಿಯ ಮೇಲೆ ಒತ್ತಡವಿದ್ದಾಗ, ಗಾಯಾಳು ತಾಳುವಂತಿದ್ದರೆ, 24 ಗಂಟೆಯೊಳಗೆ ಅದನ್ನು ಬಿಡಿಸುವುದು ಮೇಲೆಂದು 2012ರ ಅಧ್ಯಯನದ ನಂತರ ಹೆಚ್ಚು ವೈದ್ಯರು ಒಪ್ಪುತ್ತಾರೆ. ಹಿಂದೆ ಎಲ್ಲರಿಗೂ ಕೊಡುತ್ತಿದ್ದ ಭಾರೀ ಪ್ರಮಾಣದ ಸ್ಟಿರಾಯ್ಡ್ ಚುಚ್ಚುಮದ್ದನ್ನು ಈಗ ವಾಡಿಕೆಯಾಗಿ ಕೊಡುವುದಿಲ್ಲ. ಬಂಧುಗಳ ಸಭೆ ಸೇರಿ, ಊರಿಂದೂರಿಗೆ ಫೋನ್ ಮಾಡಿ ಎರಡು ದಿನ ಕಳೆಯುವುದಕ್ಕೆ ಇಲ್ಲಿ ಅವಕಾಶವಿಲ್ಲ. ಮೂಳೆ ಕೂರಿಸುವವರಲ್ಲಿ ಕತ್ತು ತಿಕ್ಕಿಸುವುದಂತೂ ಎಂದೂ ಬೇಡ.

ಕಾನೂನಿನ ಭಯ ಬೇಡ

ಪೊಲೀಸು, ಕೋರ್ಟಿನ ಹೆದರಿಕೆಯಿಂದ ಅಂಗಡಿಯ ಬಾಗಿಲಲ್ಲೇ ನಿಂತು ನೋಡುವವರಿದ್ದಾರೆ. ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ 2016ರಲ್ಲಿ ಅದೇ ನ್ಯಾಯಾಲಯ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಅದು ಮೋಟಾರು ವಾಹನ ಕಾಯಿದೆಯಲ್ಲಿಯೇ ಸೇರಿತು. ನೆರವಾದವರನ್ನು ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ. 2025ರಲ್ಲಿ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗಬೇಕು.

ಮನೆಗೆ ಬಂದ ಮೇಲೆ

ಕೈಕಾಲು ಸೋತವರ ಆರೈಕೆ ನಿಜವಾದ ವೈಯಾವೃತ್ತ್ಯ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅರಿವಿಲ್ಲದ ಚರ್ಮದಲ್ಲಿ ಹಾಸಿಗೆಹುಣ್ಣು ಏಳುತ್ತದೆ. ಕಫ, ಮೂತ್ರದ ಸೋಂಕು ಇವುಗಳ ಮೇಲೂ ಕಣ್ಣಿಡಬೇಕು. ಈ ಭಾರವನ್ನು ಮನೆಯ ಸೊಸೆಯೊಬ್ಬಳ ಮೇಲೆಯೇ ಹೊರಿಸದೆ ಗಂಡಸರೂ ಸರದಿ ಹಾಕಿಕೊಳ್ಳಬೇಕು.

ಬದುಕು ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಆರಂಭವಾದ ವೆಲ್ಲೂರಿನ ಪುನರ್ವಸತಿ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಅವರದು ಕತ್ತಿನ ಪೆಟ್ಟಾಗಿರಲಿಲ್ಲ. ಆದರೆ ಹುರಿ ನೊಂದವರು ದುಡಿದು ಬಾಳಬಲ್ಲರೆಂಬುದನ್ನು ಅವರು ತೋರಿಸಿಕೊಟ್ಟರು.

ಸಮಾಜ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಕಾರಿನ ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿರಿ. ಅಂಗಡಿಯ ಏಣಿಗೆ ಅಲುಗದ ಕಾಲುಗಳಿರಲಿ. ಬಸದಿಯ ಒದ್ದೆ ಕಲ್ಲನ್ನು ಒರೆಸಿಬಿಡಿರಿ. ತ್ಯಾಗಿಗಳ ವಿಹಾರದಲ್ಲಿ ಜೊತೆಗೆ ಹೋಗುವ ಯುವಕರು ಬೆಳಕಿಗೆ ಹೊಳೆಯುವ ಅಂಗಿ ತೊಡಲಿ. ದಿಮ್ಮಿಯಂತೆ ಹೊರಳಿಸುವ ಕ್ರಮವನ್ನು ಒಂದು ಭಾನುವಾರ ಸ್ಥಳೀಯ ವೈದ್ಯರನ್ನು ಕರೆಸಿ, ಅಂಗಡಿಯ ಆಳುಗಳನ್ನೂ ಹಮಾಲರನ್ನೂ ಸೇರಿಸಿಕೊಂಡು ಕಲಿಯಿರಿ. ನಾಳೆ ಬೀಳುವವರು ಯಾರೆಂದು ಯಾರೂ ಹೇಳಲಾರರು. ಎತ್ತುವ ಕೈಗಳು ಮಾತ್ರ ಕಲಿತ ಕೈಗಳಾಗಿರಲಿ.