ದನಿ ಅಡಗುವ ದಿಕ್ಕು

ಭದ್ರಾವತಿಯ ಆಕಾಶವಾಣಿ ನಿಲಯವು 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಶಿವಮೊಗ್ಗೆಯ ಮನೆಮನೆಯನ್ನೂ ತುಂಬುತ್ತಿದ್ದ ಕಾಲದಲ್ಲಿ, ಕಿಟಕಿಯ ಮೇಲಿನ ನಮ್ಮ ಟ್ರಾನ್ಸಿಸ್ಟರನ್ನು ಅತ್ತಿತ್ತ ತಿರುಗಿಸಿದಾಗ ಪ್ರದೇಶ ಸಮಾಚಾರವು ಒಮ್ಮೆ ಗಟ್ಟಿಯಾಗಿ ಒಮ್ಮೆ ಕ್ಷೀಣವಾಗಿ ಕೇಳುವುದನ್ನು ನಾನು ಬಹುಕಾಲ ಯಂತ್ರದ ದೋಷವೆಂದೇ ಬಗೆದಿದ್ದೆನು. ಪೆಟ್ಟಿಗೆಯೊಳಗಣ ಫೆರೈಟ್ ದಂಡದ ತುದಿಯು ಪ್ರಸಾರ ಸ್ತಂಭದ ಕಡೆಗೆ ನೆಟ್ಟಗಾದಾಗ, ಅಲೆಯ ಕಾಂತಕ್ಷೇತ್ರವು ದಂಡಕ್ಕೆ ಅಡ್ಡಲಾಗಿ ಹಾಯ್ದುಹೋಗಿ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟದೆ ದನಿ ಅಡಗುತ್ತದೆಂಬುದು ತಿಳಿದದ್ದು ಆಮೇಲೆ. ದನಿ ಏರುವ ದಿಕ್ಕು ವಿಶಾಲವೂ ಅಸ್ಪಷ್ಟವೂ ಆದದ್ದು. ಅಡಗುವ ದಿಕ್ಕಾದರೋ ಸೂಜಿಮೊನೆಯಷ್ಟು ಸೂಕ್ಷ್ಮ. ನಮ್ಮ ಕಿಟಕಿಯಲ್ಲಿ ಅದು ಭದ್ರಾವತಿಯಿರುವ ಆಗ್ನೇಯವನ್ನು ತೋರಿತು. ದಂಡಕ್ಕೆ ಎರಡು ತುದಿಗಳಷ್ಟೆ, ವಾಯವ್ಯವನ್ನೂ ಅಷ್ಟೇ ನಿಷ್ಠೆಯಿಂದ ತೋರಿತು.

ಈ ಸಂದೇಹವನ್ನು ಕಳೆಯಬಲ್ಲದ್ದು, ಜಪಾನಿನ ಯಾಗಿ ಮತ್ತು ಉಡ ಎಂಬ ವಿದ್ವಾಂಸರು 1926ರಲ್ಲಿ ಲೋಕಕ್ಕೆ ತಿಳಿಸಿದ ಏಕಮುಖ ಆಂಟೆನಾ. ಹವ್ಯಾಸಿ ಬಾನುಲಿಗಾರರ ಎರಡು ಮೀಟರ್ ತರಂಗಕ್ಕೆ ಅದನ್ನು ಕಟ್ಟಲು ಗಾಂಧಿ ಬಜಾರಿನಲ್ಲಿ ಕೊಂಡ ಒಂದು ಉಕ್ಕಿನ ಟೇಪು, ಮೊಳದುದ್ದಕ್ಕಿಂತ ತುಸು ಹೆಚ್ಚಿನ ಪಿವಿಸಿ ಕೊಳವೆ ಸಾಕಾದುವು. ಹಿಂದೆ 105 ಸೆಂಟಿಮೀಟರಿನ ತುಂಡು, ಮುಂದೆ 89ರದು, ನಡುವೆ ಎರಡು ಹೋಳಾಗಿ ತಂತಿಯನ್ನು ಧರಿಸುವ 93ರದು. ಹಿಂದಿನದು ಅಲೆಯನ್ನು ಮುಂದಕ್ಕೆ ಮರಳಿಸುತ್ತದೆ, ಮುಂದಿನದು ತನ್ನತ್ತ ಸೆಳೆಯುತ್ತದೆ. ಟೇಪಿನ ಹಳದಿ ಬಣ್ಣವನ್ನು ಉಜ್ಜುಕಾಗದದಿಂದ ತಿಕ್ಕಿ, ಉಕ್ಕು ಬೆಳ್ಳಗೆ ಹೊಳೆಯುವವರೆಗೂ ಬೆಸುಗೆಯು ಹಿಡಿಯದು. ಅಡಕೆ ತೋಟದ ಸಂದಿಯಲ್ಲಿ ನುಗ್ಗುವಾಗ ಬಾಗಿ, ಮರುಕ್ಷಣದಲ್ಲೇ ತಾನಾಗಿ ನೆಟ್ಟಗಾಗುವ ಅದರ ಗುಣ ನನಗೆ ಇಂದಿಗೂ ಪ್ರಿಯವಾದದ್ದು.

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ, ರಾಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗ ಸರ್ಪದ ದೇಹದೊಳಗೆ ಶಸ್ತ್ರಕ್ರಿಯೆಯಿಂದ ಪುಟ್ಟ ಪ್ರೇಷಕವನ್ನಿರಿಸಿ, ಕೈಯಲ್ಲಿ ಹಿಡಿದ ಆಂಟೆನಾದ ಆಧಾರದಿಂದ ಅದರ ಹಾದಿಯನ್ನು ಅರಸಿದರು. ಕಂಡೊಡನೆ ಮರೆಯಾಗುವ ಜೀವವೊಂದರ ದಿನಚರಿಯು ಹೀಗೆ ಟಿಕ್ ಟಿಕ್ ಸದ್ದಾಗಿ ಮನುಷ್ಯನ ಕಿವಿಗೆ ಬಂದುದು ನಮ್ಮ ನಾಡಿನ ವಿಜ್ಞಾನದ ದೊಡ್ಡ ಸಂಗತಿಗಳಲ್ಲೊಂದೆಂದು ನಾನು ತಿಳಿದಿದ್ದೇನೆ.

ಒಮ್ಮೆ ಗೆಳೆಯರೊಬ್ಬರು ಭದ್ರಾವತಿಯ ನಾಲೆಯ ದಡದಲ್ಲಿ ಪ್ರೇಷಕವೊಂದನ್ನು ಅಡಗಿಸಿ, ಹುಡುಕುವಂತೆ ನನ್ನನ್ನು ಕಳಿಸಿದರು. ಸಮೀಪಿಸಿದಷ್ಟೂ ಸದ್ದು ಪ್ರಬಲವಾಗಿ, ಕೊನೆಗೆ ಆಂಟೆನಾವನ್ನು ಎತ್ತ ತಿರುಗಿಸಿದರೂ ಒಂದೇ ಸಮನಾಯಿತು. ಆಂಟೆನಾವನ್ನು ಕಳಚಿ, ಗ್ರಾಹಕವನ್ನು ಎದೆಗವಚಿಕೊಂಡು, ನಿಂತಲ್ಲೇ ಮೆಲ್ಲನೆ ಸುತ್ತಿದೆನು. ಹೊಂಗೆಯ ಮರಕ್ಕೆ ಬೆನ್ನು ಮಾಡಿದ ಕ್ಷಣ, ನನ್ನ ದೇಹವೇ ಅಲೆಗೆ ಮರೆಯಾಗಿ, ದನಿ ಕುಗ್ಗಿತು. ಹಿಂದಿರುಗಿ ನೋಡಿದರೆ, ಮರದ ಬೇರುಗಳ ನಡುವೆ, ಒಣ ಎಲೆಗಳಡಿಯಲ್ಲಿ, ಡಬ್ಬಿಯಿತ್ತು.